ಇಡೀ ಸಮುದಾಯಕ್ಕಾಗಿ ಬೇಡುವುದು ಹೇಗೆ: ಬೇಳದ ನಮ್ಮ ವಾರ್ಡಿನ ಕ್ರಮ

ಕಾಸರಗೋಡಿನ ಬೇಳದಲ್ಲಿ ನಮ್ಮ ವಾರ್ಡಿನವರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುತ್ತೇವೆ. ನಡೆಸುವವಳು ನಾನು. ಕಾಯಿಲೆಯವರಿಗೆ, ಪರೀಕ್ಷೆ ಬರೆಯುವ ಮಕ್ಕಳಿಗೆ ಬೇಡಿಕೊಳ್ಳುವುದು ಎಲ್ಲರಿಗೂ ಬರುತ್ತದೆ. ಊರಿಗೆ ಊರೇ ಕಷ್ಟದಲ್ಲಿದ್ದಾಗ ಮಾತ್ರ "ಇರಾಕಿನ ಕ್ರೈಸ್ತರಿಗಾಗಿ" ಎಂದು ಒಂದು ಸಾಲು ಹೇಳಿ ಮುಗಿಸಿಬಿಡುತ್ತೇವೆ, ಅಲ್ವಾ? ಅಷ್ಟು ಸಾಲದು.

ಮೊದಲು ಊರುಗಳ ಹೆಸರು ಹಿಡಿಯಿರಿ. ನಾವು ದುಃಖದ ರಹಸ್ಯಗಳನ್ನು (ಯೇಸುವಿನ ನೋವು ಸಾವನ್ನು ನೆನೆಯುವ ಜಪಮಾಲೆಯ ಐದು ಭಾಗಗಳನ್ನು) ತೆಗೆದುಕೊಂಡು ಒಂದೊಂದಕ್ಕೆ ಇರಾಕಿನ ಒಂದೊಂದು ಊರು ಇಡುತ್ತೇವೆ: ಮೊಸುಲ್, ಕರಾಕೋಶ್, ಬರ್ತೆಲ್ಲ, ಕರಮ್ಲೆಸ್, ಸಿಂಜಾರ್. ಜಪ ಶುರುವಾಗುವ ಮುಂಚೆ ಒಬ್ಬರು ಆ ಊರಿನ ಕಥೆ ಎರಡು ಮಾತಿನಲ್ಲಿ ಹೇಳಬೇಕು. 2014ರ ಜುಲೈಯಲ್ಲಿ ಐಸಿಸ್ ಉಗ್ರರು ಮೊಸುಲ್‌ನ ಕ್ರೈಸ್ತರ ಮನೆಗಳ ಗೋಡೆಗೆ 'ನಸ್ರಾನಿ' (ಕ್ರೈಸ್ತ) ಎಂಬುದರ ಮೊದಲಕ್ಷರವಾದ ಅರಬಿಯ 'ನೂನ್' ಬರೆದರು. ಮತ ಬದಲಿಸಿ, ತೆರಿಗೆ ಕೊಡಿ, ಇಲ್ಲ ಊರು ಬಿಡಿ, ಇಲ್ಲದಿದ್ದರೆ ಸಾವು ಎಂದರು. ಆಗಸ್ಟಿನಲ್ಲಿ ಕರಾಕೋಶ್ ರಾತ್ರೋರಾತ್ರಿ ಖಾಲಿಯಾಯಿತು. ಇದನ್ನು ಕೇಳಿದ ಮೇಲೆ "ನಮೋ ಮರಿಯಾ" ಹೇಳುವ ದನಿಯೇ ಬೇರೆಯಾಗುತ್ತದೆ.

ಕೊನೆಯ ರಹಸ್ಯವನ್ನು ಸಿಂಜಾರಿಗೇ ಬಿಡಿ. ಅಲ್ಲಿಯ ಯಜೀದಿಗಳು ನಮ್ಮ ಮತದವರಲ್ಲ. ಅವರಲ್ಲಿ 6,000ಕ್ಕೂ ಹೆಚ್ಚು ಮಂದಿಯನ್ನು, ಜಾಸ್ತಿ ಹೆಂಗಸರು ಮಕ್ಕಳನ್ನು, ಹೊತ್ತೊಯ್ದರು. ಎಷ್ಟೋ ಜನ ಇನ್ನೂ ಮನೆಗೆ ಬಂದಿಲ್ಲ. ನಮ್ಮವರಿಗೆ ಮಾತ್ರ ಬೇಡುವುದು ನನಗೆ ಸರಿ ಕಾಣುವುದಿಲ್ಲ.

ಆಮೇಲೆ ಬೈಬಲ್ ತೆರೆಯಿರಿ. ದಾನಿಯೇಲನ 9ನೇ ಅಧ್ಯಾಯ ನೋಡಿ. ತನ್ನ ಜನರ ಪಾಪವನ್ನು ಅರಿಕೆ ಮಾಡುವಾಗ ಅವನು ತನ್ನನ್ನೂ ಸೇರಿಸಿಕೊಂಡು "ನಾವು" ಅನ್ನುತ್ತಾನೆ. ನೀವೂ ಹಾಗೆಯೇ ಹೇಳಿ: ನಮ್ಮ ಮಕ್ಕಳನ್ನು ಬಿಡಿಸು, ನಮ್ಮ ಮನೆಗೆ ನಮ್ಮನ್ನು ಸೇರಿಸು. ಆದರೆ ಅವನ ಪಾಪದ ಅರಿಕೆಯನ್ನು ನೊಂದವರ ತಲೆಗೆ ಕಟ್ಟಬೇಡಿ. ನಾವು ಅವರನ್ನು ಮರೆತದ್ದಕ್ಕೆ ಕ್ಷಮೆ ಕೇಳಿದರೆ ಸಾಕು. 80ನೇ ಕೀರ್ತನೆಯೂ ಚೆನ್ನಾಗಿ ಒಗ್ಗುತ್ತದೆ. 3, 7, 19ನೇ ವಚನಗಳಲ್ಲಿ ಒಂದೇ ಬೇಡಿಕೆ ಮೂರು ಸಲ ಬರುತ್ತದೆ. ಅದನ್ನು ಮಕ್ಕಳ ಬಾಯಲ್ಲಿ ಹೇಳಿಸಿ, ಉಳಿದದ್ದನ್ನು ಹಿರಿಯರು ಓದಲಿ.

ಹಿಂಸೆ ಕೊಟ್ಟವರ ಮನಸ್ಸು ತಿರುಗಲಿ ಎಂದೂ ಬೇಡಿ. ಯಾರಿಗೂ ಶಾಪ ಬೇಡ. ಪಕ್ಕದ ಮನೆಯ ಬ್ಯಾರಿ ಮುಸ್ಲಿಮರನ್ನು ಕೊಂಕು ಕಣ್ಣಿನಿಂದ ನೋಡುವಂಥ ಒಂದು ಮಾತೂ ಪ್ರಾರ್ಥನೆಯಲ್ಲಿ ಬರಕೂಡದು. ಬಂದರೆ ಅಲ್ಲೇ ತಡೆಯಿರಿ.

ಸುದ್ದಿ ನಿಂತಿತೆಂದು ಬಿಡಬೇಡಿ. 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಹೋದ ಕೆನರಾದ ಕ್ರೈಸ್ತರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ. ಮೊಸುಲ್ 2017ರಲ್ಲಿ ಮುಕ್ತವಾದರೂ ಹೋದವರಲ್ಲಿ ತುಂಬ ಮಂದಿ ಹಿಂದಿರುಗಿಲ್ಲ. ಹಾಗಾಗಿ ತೇರ್ಸ್ ಮುಗಿದು ಚಹಾ ಕುಡಿಯುವಾಗಲೇ ಮುಂದಿನ ತಿಂಗಳ ಮನೆಯವರ ಕೈಗೆ ಊರುಗಳ ಚೀಟಿ ಕೊಡಿ. ಹೆಸರುಗಳನ್ನು ಗಟ್ಟಿಯಾಗಿ ಓದಿಸಿ, ಉಚ್ಚಾರ ತಪ್ಪಿದರೆ ಅಲ್ಲೇ ತಿದ್ದಿ.