ಗೀಜರ್ ಸರಿಯಿತ್ತು, 14 ವೋಲ್ಟ್ ಎಲ್ಲಿ ಹೋಯ್ತು?

ಬೀದರ್‌ನಲ್ಲಿ ಡಿಸೆಂಬರ್ ಬಂತೆಂದರೆ ಎಲೆಕ್ಟ್ರಿಷಿಯನ್ ಆದ ನನಗೆ ಬರುವ ಫೋನ್‌ಗಳಲ್ಲಿ ಅರ್ಧ ಗೀಜರ್‌ನದ್ದೇ. ನಮ್ಮ ಚಳಿ ಕಲಬುರಗಿಯವರಿಗೂ ಅಷ್ಟಾಗಿ ಗೊತ್ತಿಲ್ಲ. ಬೆಳಗಿನ ಐದಕ್ಕೆ ತಣ್ಣೀರಿಗೆ ಕೈ ಹಾಕೋದೇ ಕಷ್ಟ.

ಎರಡು ವರ್ಷದ ಹಿಂದೆ ಚೌಬಾರಾ ಹತ್ತಿರದ ಹಳೇ ಮನೆಯೊಂದರಿಂದ ಫೋನ್ ಬಂತು. ಹಿರಿಯ ಹೆಣ್ಣುಮಗಳು. “ತಮ್ಮಾ, ನೀರು ಕಾಯಲಾಕ ಭಾಳ ಹೊತ್ತು ಹಿಡಿಲತ್ತದ. ಹೋದ ವರ್ಷ ಲಗೂನ ಕಾಯ್ತಿತ್ತು. ಹೊಸಾದೇ ತರಬೇಕೇನು?” ಜೊತೆಗೆ ಇನ್ನೊಂದು ಮಾತು ಹೇಳಿದರು. ಗೀಜರ್ ಹಾಕಿದಾಗ ಪಡಸಾಲೆಯಲ್ಲಿ ಏನೋ ಸುಟ್ಟ ವಾಸನೆ ಬರುತ್ತಂತೆ. ಅದನ್ನು ಕೇಳಿದ ತಕ್ಷಣ ಗಾಡಿ ತೆಗೆದೆ.

15 ಲೀಟರ್ ಗೀಜರ್. ಪ್ಲೇಟಿನ ಮೇಲೆ 230 ವೋಲ್ಟ್, 2000 ವ್ಯಾಟ್ ಅಂತ ಇತ್ತು. 2000ವನ್ನು 230ರಿಂದ ಭಾಗಿಸಿದರೆ 8.7 ಆಂಪ್ಸ್, ಅಂದರೆ ಹರಿಯಬೇಕಾದ ಕರೆಂಟ್. 230ನ್ನು 8.7ರಿಂದ ಭಾಗಿಸಿದರೆ ಸುಮಾರು 26.4 ಓಮ್, ಅಂದರೆ ಒಳಗೆ ನೀರು ಕಾಯಿಸುವ ಕಾಯಿಲ್ ಕರೆಂಟಿಗೆ ಒಡ್ಡುವ ತಡೆ. ವೋಲ್ಟನ್ನು ಆಂಪ್ಸ್‌ನಿಂದ ಭಾಗಿಸಿದರೆ ಓಮ್, ಗುಣಿಸಿದರೆ ವ್ಯಾಟ್. ಐಟಿಐಯಲ್ಲಿ ಬಾಯಿಪಾಠ ಮಾಡಿಸಿದ್ದು ಇಷ್ಟೇ. ಆ ವೋಲ್ಟನ್ನು ಎಲ್ಲಿ ಅಳೀಬೇಕು, ಯಾವಾಗ ಅಳೀಬೇಕು ಅನ್ನೋದನ್ನು ಮಾತ್ರ ಕೆಲಸ ಮಾಡ್ತಾ ಮಾಡ್ತಾ ಕಲಿತೆ.

ಮೊದಲು ಮೇನ್ ಆಫ್ ಮಾಡಿ, ವೈರ್ ಬಿಚ್ಚಿ ಕಾಯಿಲ್ ಅಳೆದೆ. 26.5 ಓಮ್. ಗೀಜರ್ ಕಾಯಿಲ್ ನೈಕ್ರೋಮ್ ತಂತಿಯದ್ದು. ತಣ್ಣಗಿದ್ದರೂ ಬಿಸಿಯಾದರೂ ಅದರ ಓಮ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಳೇ 100 ವ್ಯಾಟ್ ಬಲ್ಬ್ ಹಾಗಲ್ಲ. ಲೆಕ್ಕದಲ್ಲಿ 529 ಓಮ್ ಬರಬೇಕು, ತಣ್ಣಗಿರುವಾಗ ಮೀಟರ್ 40ರ ಆಸುಪಾಸು ತೋರಿಸುತ್ತದೆ. ಅದರೊಳಗಿನ ಟಂಗ್‌ಸ್ಟನ್ ಕಾದಷ್ಟೂ ಓಮ್ ಏರುತ್ತದೆ. ಕಲಿಯುವಾಗ ಈ ವಿಷಯ ಯಾರೂ ಹೇಳಿರಲಿಲ್ಲ. ಎಷ್ಟೋ ದಿನ ಮೀಟರನ್ನೇ ಅನುಮಾನಿಸಿದ್ದೆ.

ಕಾಯಿಲ್ ಸರಿಯಿದೆ ಅಂತಾಯಿತು. ಗೀಜರ್ ಚಾಲೂ ಮಾಡದೆ ಅದರ ಟರ್ಮಿನಲ್‌ನಲ್ಲಿ ವೋಲ್ಟೇಜ್ ನೋಡಿದೆ, 225. ಬೋರ್ಡ್‌ನಲ್ಲೂ 225. ಇಲ್ಲೇ ತುಂಬಾ ಜನ ಎಡವುತ್ತಾರೆ. ಕರೆಂಟ್ ಹರಿಯದಿದ್ದರೆ ಡ್ರಾಪ್ (ದಾರಿಯಲ್ಲಿ ವೋಲ್ಟೇಜ್ ಇಳಿಯೋದು) ಆಗೋದಿಲ್ಲ, ಹಾಗಾಗಿ ಎಂಥ ಕೆಟ್ಟ ಜಾಯಿಂಟ್ ಆದರೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಲೋಡ್, ಅಂದರೆ ಇಲ್ಲಿ ಗೀಜರ್, ಓಡುತ್ತಿರುವಾಗ ಅಳೆದರೆ ಮಾತ್ರ ನಿಜ ಗೊತ್ತಾಗೋದು.

ಗೀಜರ್ ಚಾಲೂ ಮಾಡಿದೆ. ಬೋರ್ಡ್‌ನಲ್ಲಿ ಗೀಜರ್‌ನ ಫೇಸ್ ವೈರಿಗೆ ಕ್ಲ್ಯಾಂಪ್ ಮೀಟರ್ (ವೈರ್ ಬಿಚ್ಚದೆ ಸುತ್ತ ಹಿಡಿದು ಕರೆಂಟ್ ಅಳೆಯೋದು) ಹಾಕಿದೆ. ಫೇಸ್ ಒಂದಕ್ಕೇ ಹಾಕಬೇಕು, ಕರೆಂಟ್ ವಾಪಸ್ ಬರುವ ನ್ಯೂಟ್ರಲ್ ಕೂಡ ಒಳಗೆ ಸೇರಿದರೆ ಸೊನ್ನೆ ತೋರಿಸುತ್ತದೆ. 7.9 ಆಂಪ್ಸ್ ಬಂತು. ಬೋರ್ಡ್‌ನಲ್ಲಿ 222 ವೋಲ್ಟ್, ಗೀಜರ್ ಟರ್ಮಿನಲ್‌ನಲ್ಲಿ 208. (ಚಾಲೂ ಇರುವ ಟರ್ಮಿನಲ್ ಮುಟ್ಟಿ ಅಳೆಯೋದು ಕೆಲಸ ಬಲ್ಲವರಷ್ಟೇ ಮಾಡಬೇಕು. ಮನೆಯಲ್ಲಿ ಸುಮ್ನೆ ಪ್ರಯತ್ನ ಮಾಡಬೇಡಿ.)

208 ಭಾಗಿಸು 7.9, ಅಂದರೆ 26.3 ಓಮ್. ಕಾಯಿಲ್ ಮತ್ತೆ ತನ್ನ ಲೆಕ್ಕ ಸರಿಯಾಗಿ ಕೊಟ್ಟಿತು. 208 ಗುಣಿಸು 7.9, ಅಂದರೆ 1643 ವ್ಯಾಟ್. 2000 ವ್ಯಾಟಿನ ಗೀಜರ್ 1643ರಲ್ಲಿ ಓಡುತ್ತಿದೆ. ವೋಲ್ಟೇಜ್ ಶೇ 10 ಇಳಿದರೆ ಕರೆಂಟೂ ಜೊತೆಗೆ ಅಷ್ಟೇ ಇಳಿಯುತ್ತದೆ. ಎರಡೂ ಸೇರಿ ಬಿಸಿ ಶೇ 19 ಕಡಿಮೆಯಾಗುತ್ತದೆ. ಅಮ್ಮ ಹೇಳಿದ್ದು ಸುಳ್ಳಲ್ಲ. ಈ ಗುಣಾಕಾರ ಕಾಯಿಲ್‌ಗೆ ನೇರವಾಗಿ ಹೊಂದುತ್ತದೆ. ಪಂಪು, ಫ್ಯಾನು, ಕೂಲರ್‌ನಲ್ಲಿ ಪವರ್ ಫ್ಯಾಕ್ಟರ್ (ವೋಲ್ಟ್-ಆಂಪ್ಸ್ ಗುಣಾಕಾರದಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಲೆಕ್ಕಕ್ಕೆ ಬರುವುದರಿಂದ ನಿಜವಾದ ವ್ಯಾಟ್ ಅದಕ್ಕಿಂತ ಕಡಿಮೆ ಇರುತ್ತದೆ.

ಇನ್ನು ಬೋರ್ಡ್‌ನಿಂದ ಗೀಜರ್‌ಗೆ ಹೋಗುವ ದಾರಿಯಲ್ಲಿ ಕಳೆದ 14 ವೋಲ್ಟ್. 14 ಗುಣಿಸು 7.9, ಸುಮಾರು 110 ವ್ಯಾಟ್. ನೀರಿಗೆ ಸೇರಬೇಕಾದ ಬಿಸಿ ಗೋಡೆಯೊಳಗೆ ಸೇರುತ್ತಿತ್ತು. ವೈರ್ ನೋಡಿದರೆ 1 ಸ್ಕ್ವೇರ್ ಎಂಎಂ. ಯಾವಾಗಲೋ ಬಚ್ಚಲಿನ ಲೈಟಿಗೆ ಎಳೆದದ್ದು, ಆಮೇಲೆ ಯಾರೋ ಅದಕ್ಕೇ ಗೀಜರ್ ಕೊಟ್ಟಿದ್ದಾರೆ. ಈ ತಾಮ್ರದ ವೈರಿಗೆ ಕಿಲೋಮೀಟರ್‌ಗೆ ಸುಮಾರು 18 ಓಮ್. ಹೋಗಿ ಬರುವ ದಾರಿ 40 ಮೀಟರ್ ಹಿಡಿದರೆ 0.72 ಓಮ್, ಅಂದರೆ 5.7 ವೋಲ್ಟ್. ಹಾಗಾದರೆ ಉಳಿದ 8.3 ವೋಲ್ಟ್ ಎಲ್ಲೋ ಒಂದು ಕಡೆ ಬೀಳುತ್ತಿರಬೇಕು, ಅಲ್ವಾ?

ಪಡಸಾಲೆಯ ಜಂಕ್ಷನ್ ಬಾಕ್ಸ್ ತೆರೆದೆ. ಫೇಸ್ ವೈರ್ ಸುಮ್ನೆ ತಿರುಚಿ ಟೇಪ್ ಸುತ್ತಿದ ಜಾಯಿಂಟ್, ಟೇಪ್ ಕರಿದಾಗಿ ಪುಡಿಯಾಗಿತ್ತು. ಲೋಡ್ ಇರುವಾಗಲೇ ಜಾಯಿಂಟಿನ ಆಚೆ ಮೀಟರಿನ ಒಂದು ಕಡ್ಡಿ, ಈಚೆ ಒಂದು ಕಡ್ಡಿ ಇಟ್ಟೆ. 8.2 ವೋಲ್ಟ್. ಸರಿಯಾದ ಜಾಯಿಂಟಿನಲ್ಲಿ ಮೀಟರ್ ಹೆಚ್ಚುಕಡಿಮೆ ಸೊನ್ನೆಯಲ್ಲೇ ನಿಲ್ಲಬೇಕು. 8.2 ಗುಣಿಸು 7.9, ಸುಮಾರು 65 ವ್ಯಾಟ್. ಉರಿಯುತ್ತಿರುವ 60 ವ್ಯಾಟಿನ ಬಲ್ಬ್ ಮುಟ್ಟಿದವರಿಗೆ ಆ ಬಿಸಿ ಎಷ್ಟು ಅಂತ ಗೊತ್ತು. ಅಷ್ಟು ಬಿಸಿ ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿಯೊಳಗೆ, ದಿನಾ ಬೆಳಿಗ್ಗೆ. ನನಗೆ ಎದೆ ಧಸಕ್ಕಂತು.

ಎಂಸಿಬಿ (ಬೋರ್ಡ್‌ನಲ್ಲಿ ತಾನಾಗಿ ಆಫ್ ಆಗುವ ಸ್ವಿಚ್) ಯಾಕೆ ಬೀಳಲಿಲ್ಲ ಅಂತ ಅಮ್ಮ ಕೇಳಿದರು. ಎಂಸಿಬಿ ನೋಡೋದು ಕರೆಂಟ್ ಜಾಸ್ತಿ ಆಯಿತಾ ಅಂತ. ಇಲ್ಲಿ ಕರೆಂಟ್ ಕಡಿಮೆಯೇ ಆಗಿತ್ತು. ಜಾಯಿಂಟ್ ಹೊತ್ತಿಕೊಳ್ಳುವವರೆಗೂ ಅದು ಸುಮ್ಮನೇ ಇರುತ್ತಿತ್ತು.

ಗೀಜರ್‌ಗೆ ಬೇರೆಯದೇ 4 ಸ್ಕ್ವೇರ್ ಎಂಎಂ ಲೈನ್ ಎಳೆದೆ. ನಡುವೆ ಒಂದೂ ಜಾಯಿಂಟ್ ಇಲ್ಲ, ಕೊನೆಗೆ 16 ಆಂಪ್ಸ್ ಸಾಕೆಟ್. ಮತ್ತೆ ಅಳೆದೆ. ಬೋರ್ಡ್‌ನಲ್ಲಿ 222, ಗೀಜರ್‌ನಲ್ಲಿ 220, ಕರೆಂಟ್ 8.3. ಗುಣಿಸಿದರೆ 1826 ವ್ಯಾಟ್. ಉಳಿದದ್ದೆಲ್ಲ ಆಫ್ ಮಾಡಿ, ಕರೆಂಟ್ ಮೀಟರಿನ ಕೆಂಪು ದೀಪ ಎಷ್ಟು ಸಲ ಮಿಣುಕುತ್ತದೆ ಅಂತ ಎಣಿಸಿದೆ. ಆ ಮೀಟರಿಗೆ ಯೂನಿಟ್‌ಗೆ 3200 ಮಿಣುಕು. ಒಂದು ನಿಮಿಷಕ್ಕೆ 97 ಬಂತು, ಗಂಟೆಗೆ 5820, ಅಂದರೆ ಗಂಟೆಗೆ 1.82 ಯೂನಿಟ್, 1.82 ಕಿಲೋವ್ಯಾಟ್. ನನ್ನ ಲೆಕ್ಕಕ್ಕೆ ತಾಳೆಯಾಯಿತು.

“ಅಂದ್ರ ಗೀಜರ್ ಛಲೋ ಅದನು?” ಅಂದರು ಅಮ್ಮ. “ಛಲೋ ಅದರಿ ಅಮ್ಮಾ,” ಅಂದೆ.

ಹೊರಡುವ ಮುಂಚೆ ಬೋರ್ಡ್ ಮುಚ್ಚಳದ ಒಳಗಡೆ ತಾರೀಖು ಹಾಕಿ 222, 220, 8.3 ಅಂತ ಮೂರೂ ಬರೆದಿಟ್ಟೆ. ಮುಂದೆ ಯಾರೇ ಬಂದರೂ ಮೊದಲು ಮುಚ್ಚಳ ತೆರೆದು ನೋಡಲಿ ಅಂತ.