ಸತ್ಯವೇದವನ್ನು ಬರೆದ ಕ್ರಮದಲ್ಲಿ ಓದುವುದು: ನನ್ನ ಅನುಭವ

‘ಕಾಲಾನುಕ್ರಮ ಬೈಬಲ್’ ಎಂದು ಅಚ್ಚಾಗುವ ಪ್ರತಿಗಳಲ್ಲಿ ಹೆಚ್ಚಿನವು ಘಟನೆ ನಡೆದ ಕ್ರಮವನ್ನು ಹಿಡಿದಿರುತ್ತವೆ, ಪುಸ್ತಕ ಬರೆದ ಕ್ರಮವನ್ನಲ್ಲ. ಅಲ್ಲಿ ಆದಿಕಾಂಡವೇ ಮೊದಲು, ಮೊದಲ ಪೀಳಿಗೆಯ ಕ್ರೈಸ್ತ ಪ್ರಚಾರಕ ಪೌಲನ ಪತ್ರಗಳಿಗಿಂತ ಮುಂಚೆ ಯೇಸುವಿನ ಜೀವನ. ಹಾಗಾಗಿ ನಾನು ಮಾಮೂಲಿ ಸತ್ಯವೇದವನ್ನೇ ಇಟ್ಟುಕೊಂಡು ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದುಕೊಳ್ಳುತ್ತೇನೆ. ಮೂರು ಕಲಂ ಸಾಕು: ಪುಸ್ತಕ, ಅಂದಾಜು ಕಾಲ, ಆ ಕಾಲಕ್ಕೆ ಆಧಾರ. ಮೂರನೆಯದೇ ಮುಖ್ಯ. ಅದು ಖಾಲಿ ಇದ್ದರೆ ಪಟ್ಟಿ ಬರೀ ನಕಲು.

ಶುರು ಮಾಡಲು ಪೌಲನೇ ಸರಿ. ಅವನ ಪತ್ರಗಳನ್ನು ಜೋಡಿಸಿರುವುದು ಹೆಚ್ಚುಕಡಿಮೆ ಉದ್ದದ ಲೆಕ್ಕದಲ್ಲಿ, ಮೊದಲು ಸಭೆಗಳಿಗೆ, ಆಮೇಲೆ ವ್ಯಕ್ತಿಗಳಿಗೆ. ಅವನೇ ಬರೆದದ್ದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಪತ್ರ ಏಳು, ಒಟ್ಟು 61 ಅಧ್ಯಾಯ. ದಿನಕ್ಕೆ ಎರಡರಂತೆ ಒಂದು ತಿಂಗಳ ಓದು. ಮೊದಲನೆಯದು 1 ಥೆಸಲೋನಿಕ, ಅಂದರೆ ಥೆಸಲೋನಿಕದ ಸಭೆಗೆ ಬರೆದ ಒಂದನೆಯ ಪತ್ರ. ಪೌಲನ ಸಂಗಡಿಗ ತಿಮೊಥೆಯ ಈಗಷ್ಟೇ ಮರಳಿ ಬಂದನೆಂದು 3:6 (ಅಧ್ಯಾಯ 3, ವಚನ 6) ಹೇಳುತ್ತದೆ. ಅವನು ಬಂದು ಸೇರಿದ್ದು ಕೊರಿಂಥದಲ್ಲಿ ಎನ್ನುತ್ತದೆ ಅಪೊಸ್ತಲರ ಕೃತ್ಯಗಳು 18:5. ಅದೇ ಅಧ್ಯಾಯದಲ್ಲಿ ಬರುವ ರೋಮನ್ ಅಧಿಪತಿ ಗಲ್ಲಿಯೋನನ ಹೆಸರು ಗ್ರೀಸಿನ ಡೆಲ್ಫಿಯ ಶಾಸನದಲ್ಲೂ ಇದೆ, ಅವನ ಆಡಳಿತ ಸುಮಾರು ಕ್ರಿ.ಶ. 51-52. ಪತ್ರ 50ರ ಆಸುಪಾಸಿನದು ಎನ್ನಲು ಇಷ್ಟು ಆಧಾರ.

ಕ್ರಮವನ್ನು ಪತ್ರಗಳೇ ಹೇಳುವ ಜಾಗವೊಂದಿದೆ: ಯೆರೂಸಲೇಮಿನ ಬಡವರಿಗಾಗಿ ಎತ್ತಿದ ಚಂದಾ. 1 ಕೊರಿಂಥ 16:2ರಲ್ಲಿ ವಾರದ ಮೊದಲ ದಿನ ಇಷ್ಟಿಷ್ಟು ತೆಗೆದಿಡಿ ಎಂಬ ಸೂಚನೆ. 2 ಕೊರಿಂಥ 8 ಮತ್ತು 9ರಲ್ಲಿ, ಹೋದ ವರ್ಷವೇ ಶುರು ಮಾಡಿದ್ದನ್ನು ಪೂರೈಸಿ ಎಂಬ ಒತ್ತಾಯ. ರೋಮ 15:25-26ಕ್ಕೆ ಬರುವಷ್ಟರಲ್ಲಿ ಹಣ ಕೂಡಿದೆ, ಪೌಲ ಅದನ್ನು ತಲುಪಿಸಲು ಹೊರಟಿದ್ದಾನೆ. ಈ ಮೂರನ್ನೂ ಒಂದೇ ಕೂರಿಕೆಯಲ್ಲಿ ಓದಿ. ಹೊರಗಿನ ಇಸವಿ ಬೇಕಾಗುವುದೇ ಇಲ್ಲ. ಇನ್ನೊಂದು: 1 ಕೊರಿಂಥ 5:9 ಅದಕ್ಕೂ ಹಿಂದಿನ, ಈಗ ನಮಗೆ ಸಿಗದ ಪತ್ರವನ್ನು ನೆನೆಯುತ್ತದೆ. ಪುಸ್ತಕದ ಹೆಸರಿನಲ್ಲಿರುವ ‘ಒಂದನೆಯ’ ಎಂಬುದನ್ನು ನಂಬಿ ಕೂರಬಾರದು. ಗಲಾತ್ಯ ಮಾತ್ರ ತೊಡಕು. 48 ಎನ್ನುವವರೂ 50ರ ದಶಕದ ಮಧ್ಯ ಎನ್ನುವವರೂ ಇದ್ದಾರೆ. ಅಬ್ರಹಾಮನ ಕುರಿತ ಪೌಲನ ವಾದ ಗಲಾತ್ಯ 3ರಲ್ಲಿ ಬಿಸಿಯಾಗಿದೆ, ರೋಮ 4ರಲ್ಲಿ ಹದವಾಗಿದೆ. ಹಾಗಾಗಿ ರೋಮಕ್ಕಿಂತ ಮುಂಚೆ ಓದಿದರೆ ಸಾಕು.

ಈ ಓದಿನಲ್ಲಿ ಕಷ್ಟದ ಶಿಸ್ತು ಒಂದೇ: ಇನ್ನೂ ಬರೆಯದ ಪುಸ್ತಕವನ್ನು ಓದಿಲ್ಲ ಎಂದೇ ನಡೆದುಕೊಳ್ಳುವುದು. ಪೌಲನ ಸಾಲಿಗೆ ಆಮೇಲೆ ಬರೆದ ಲೂಕನ ಸುವಾರ್ತೆಯ (ಯೇಸುವಿನ ಜೀವನಕಥೆಯ) ವಿವರ ಸೇರಿಸಿಕೊಂಡರೆ ಶ್ರಮವೆಲ್ಲ ನೀರುಪಾಲು. ಕರ್ತನ ಭೋಜನವನ್ನೇ, ಅಂದರೆ ಯೇಸು ಶಿಷ್ಯರೊಂದಿಗೆ ಮಾಡಿದ ಕೊನೆಯ ಊಟವನ್ನೇ ನೋಡಿ. ಅದರ ಅತಿ ಹಳೆಯ ಬರಹ 1 ಕೊರಿಂಥ 11:23-25, ಸುಮಾರು 54ರದು. ‘ನನ್ನ ನೆನಪಿಗಾಗಿ ಹೀಗೆ ಮಾಡಿ’ ಎಂಬ ಮಾತು ಅಲ್ಲಿದೆ; 70ರ ಸುಮಾರಿನ ಮಾರ್ಕ 14ರಲ್ಲಿ ಇಲ್ಲ; ಲೂಕ 22:19ರಲ್ಲಿ ಮತ್ತೆ ಬರುತ್ತದೆ. ಮೂರನ್ನೂ ಪಕ್ಕಪಕ್ಕ ಬರೆದುಕೊಳ್ಳದೆ ಇದು ಕಣ್ಣಿಗೆ ಬೀಳುವುದಿಲ್ಲ.

ಮಾರ್ಕನನ್ನು ಓದುವಾಗ 16:8ಕ್ಕೆ ನಿಲ್ಲಿಸಿ. ಮುಂದಿನ ಹನ್ನೆರಡು ವಚನಗಳು ಸಿನಾಯ್, ವ್ಯಾಟಿಕನ್ ಎಂಬ ಬಹಳ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲ. ಆಮೇಲೆ ಮತ್ತಾಯ, ಲೂಕ, ಕೊನೆಯ ಭಾಗದಲ್ಲಿ ಯೋಹಾನ.

ಹಳೆಯ ಒಡಂಬಡಿಕೆಗೆ ಒಂದೇ ಸಾಲಿನ ಪಟ್ಟಿ ಆಗುವುದಿಲ್ಲ, ಒಂದೇ ಪುಸ್ತಕದಲ್ಲಿ ಶತಮಾನಗಳ ಪದರಗಳಿವೆ. ಆದ್ದರಿಂದ ನಾನು ಗುಂಪು ಮಾಡುತ್ತೇನೆ. ಕ್ರಿ.ಪೂ. 8ನೇ ಶತಮಾನದ ಆಮೋಸ, ಹೋಶೇಯ, ಮೀಕ, ಯೆಶಾಯ 1-39ರ ಹಳೆಯ ಭಾಗಗಳಿಂದ ಆರಂಭ. ಧರ್ಮೋಪದೇಶಕಾಂಡದ 12-26ನ್ನು 2 ಅರಸುಗಳು 22ರ ಜೊತೆ, ಅಂದರೆ ಯೆಹೂದದ ಅರಸ ಯೋಷೀಯನ ಕಾಲದ ಕ್ರಿ.ಪೂ. 622ರ ಸುಮಾರಿಗೆ. ಪಾರಸಿಯ ಅರಸ ಕೋರೆಷನ ಹೆಸರು ಬರುವ ಯೆಶಾಯ 40-55 ಬಾಬೆಲಿನ ಸೆರೆವಾಸದ ಕೊನೆಗೆ. ಹಗ್ಗಾಯನಂತೂ ದಿನಾಂಕವನ್ನೇ ಕೊಡುತ್ತಾನೆ, ಪಾರಸಿಯ ಅರಸ ದಾರ್ಯಾವೆಷನ ಎರಡನೆಯ ವರ್ಷ, ಕ್ರಿ.ಪೂ. 520. ದಾನಿಯೇಲನನ್ನು ಪರಂಪರೆ ಕ್ರಿ.ಪೂ. 6ನೇ ಶತಮಾನಕ್ಕೆ ಸೇರಿಸುತ್ತದೆ, ಬಹುತೇಕ ವಿದ್ವಾಂಸರು ಕ್ರಿ.ಪೂ. 165ರ ಸುಮಾರಿಗೆ. ನಾನು ಕೊನೆಗಿಟ್ಟುಕೊಂಡು, 11ನೇ ಅಧ್ಯಾಯವನ್ನು, ಅದೇ ಕಾಲದ ಘಟನೆಗಳನ್ನು ಹೇಳುವ ಮಕ್ಕಬಿಯರ ಮೊದಲ ಗ್ರಂಥದ ಮೊದಲ ಅಧ್ಯಾಯದ ಜೊತೆಗೇ ಓದುತ್ತೇನೆ.