ಮಕ್ಕಳ ಜೊತೆ ಕೇದಾರಕಂಠ: ಮೂರನೇ ಸಲ ತುದಿ ಮುಟ್ಟಿದ್ದು ಹೇಗೆ

ಕ್ರಿಸ್‌ಮಸ್ ರಜೆಗೆ ಮಕ್ಕಳನ್ನು ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಕರೆದುಕೊಂಡು ಹೋಗ್ತೀನಿ ಅಂದಾಗ ನಮ್ಮ ಭಾವ "ಹಿಂದೆ ಎರಡು ಸಲ ದುಡ್ಡು ಸುರಿದು ಬಂದಿದ್ದು ಸಾಲದಾ, ಈ ಸಲ ಗೋವಾಗೆ ಹೋಗಿ" ಅಂದಿದ್ದರು. 2023ರಲ್ಲಿ ನಾವು ಎಂಟೂ ಜನ ತುದಿ ಮುಟ್ಟಿ ಬಂದೆವು. ಅದರಲ್ಲಿ ಮೂವರು ಮಕ್ಕಳು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ. 2019ರಲ್ಲಿ ಎಲ್ಲರ ಹಾಗೆ ಹೋದೆವು. ಟ್ರೆಕ್ ಶುರುವಾಗೋ ಸಾಂಕ್ರಿ ಊರಿನಿಂದ ಮೊದಲ ದಿನ ಜೂಡಾ ತಾಲಾಬ್ ಅನ್ನೋ ಕೆರೆ ಹತ್ತಿರದ ಕ್ಯಾಂಪ್, ಎರಡನೇ ದಿನ ಬೇಸ್ ಕ್ಯಾಂಪ್, ಆ ರಾತ್ರಿಯೇ ಮೂರು ಗಂಟೆಗೆ ಎದ್ದು ತುದಿಗೆ. ಮಗಳಿಗೆ ಆಗ ಒಂಬತ್ತು. ಸಂಜೆ ಹಿಮದಲ್ಲಿ ಆಡಿದ ಗ್ಲೌಸನ್ನೇ ಬೆಳಗ್ಗೆ ಮತ್ತೆ ಹಾಕಿಕೊಂಡಿದ್ದಳು, ನಾನು ನೋಡಲೇ ಇಲ್ಲ. ಅರ್ಧ ಗಂಟೆ ನಡೆದಿದ್ದೆವೋ ಏನೋ, ಒಂದು ದೊಡ್ಡ ಬಂಡೆ ಹತ್ತಿರ ನಿಂತು "ಅಪ್ಪಾ, ಬೆರಳು ಗೊತ್ತೇ ಆಗ್ತಿಲ್ಲ" ಅಂದಳು. ಅವಳ ಕೈಯನ್ನು ನನ್ನ ಕಂಕುಳಲ್ಲಿ ಇಟ್ಟುಕೊಂಡು ಅಲ್ಲಿಂದಲೇ ವಾಪಸ್. ಮೂರು ಜನಕ್ಕೆ ಅರವತ್ತು ಸಾವಿರದ ಹತ್ತಿರ ಹೋಗಿತ್ತು.

2021ರಲ್ಲಿ ಗ್ಲೌಸ್ ಸರಿ ಇತ್ತು, ಎತ್ತರ ಕೈಕೊಟ್ಟಿತು. ಸಾಂಕ್ರಿ 6,400 ಅಡಿ, ಬೇಸ್ ಕ್ಯಾಂಪ್ 11,250 ಅಡಿ. ಎರಡೇ ದಿನದಲ್ಲಿ ಅಷ್ಟು ಹತ್ತಿದರೆ ಆಗಬೇಕಾದ್ದೇ ಆಗುತ್ತೆ. ತಮ್ಮನ ಮಗನಿಗೆ ತಲೆನೋವು, ವಾಂತಿ. ಔಷಧಿ ಕೊಟ್ಟು ಕಾಯುತ್ತಾ ಕೂರಲಿಲ್ಲ, ಕೆಳಗೆ ಇಳಿಸಿದೆವು. ಜೂಡಾ ತಾಲಾಬ್ ಮುಟ್ಟುವಷ್ಟರಲ್ಲಿ ಮ್ಯಾಗಿ ಕೇಳಿದ. ಟ್ರೆಕ್ ಕಂಪನಿಯವರು ಒಂದು ಪೈಸೆ ವಾಪಸ್ ಕೊಡಲಿಲ್ಲ.

ಮೂರನೇ ಸಲ ಕಂಪನಿ ಬಿಟ್ಟೆ. ಸಾಂಕ್ರಿಯ ಗೈಡ್, ಅವನ ಜೊತೆ ಇನ್ನೊಬ್ಬ ಸಹಾಯಕ, ಸಾಮಾನಿಗೆ ಹೇಸರಗತ್ತೆ. ಇಬ್ಬರು ಬೇಕೇ ಬೇಕು, ಯಾಕಂದ್ರೆ ಒಂದು ಮಗು ಇಳಿಯಬೇಕು ಅಂದರೆ ಉಳಿದವರೂ ಇಳಿಯೋ ಹಾಗಾಗಬಾರದು. ಸಾಂಕ್ರಿಯಲ್ಲಿ ಎರಡು ರಾತ್ರಿ ಉಳಿದೆವು. ಹಗಲು ಪಕ್ಕದ ಸೌರ್ ಊರಿನವರೆಗೆ ಸುಮ್ನೆ ಓಡಾಟ. ಜೂಡಾ ತಾಲಾಬ್‌ನಲ್ಲೂ ಎರಡು ರಾತ್ರಿ. ಅಲ್ಲಿಂದ ಹಗಲು ಸಾವಿರ ಅಡಿ ಮೇಲೆ ಹೋಗಿ, ಹಿಮದಲ್ಲಿ ಜಾರಿ ಆಡಿ, ಮಲಗಲು ಮತ್ತೆ ಕೆಳಗೆ. ಟೆಂಟ್ ಹಾಕಿದ ಜಾಗಕ್ಕೆ ಗಾಳಿ ತಾಗಲ್ಲ, ಗದ್ದಲವೂ ಇಲ್ಲ. ಅದು ಎಲ್ಲಿ ಅಂತ ಹೇಳಲ್ಲ, ಹೇಳಿದರೆ ಮುಂದಿನ ಸಲ ನಮಗೇ ಸಿಗಲ್ಲ.

ಬೇಸ್ ಕ್ಯಾಂಪ್‌ನಿಂದ ಹೊರಟಿದ್ದು ಐದೂವರೆಗೆ. ಗೈಡ್ ಕೂಡ ತಲೆ ಆಡಿಸಿದ, ಸೂರ್ಯೋದಯ ತಪ್ಪುತ್ತೆ ಅಂದ. ತಪ್ಪಲಿ, ಮಕ್ಕಳಿಗೆ ಕತ್ತಲಲ್ಲಿ ನಾಲ್ಕು ಗಂಟೆ ಚಳಿ ತಿನ್ನಿಸೋದಕ್ಕಿಂತ ಅದೇ ವಾಸಿ ಅಲ್ವಾ? ಹನ್ನೊಂದಕ್ಕೆ ಎಲ್ಲಿದ್ದರೂ ತಿರುಗೋದು ಅಂತ ಮೊದಲೇ ಮಾತಾಗಿತ್ತು. ಇನ್ನೊಂದು ಲಾಭವೂ ಆಯಿತು. ಕೊನೆಯ ಕಡಿದಾದ ಏರು ಶುರುವಾಗೋ ಹೊತ್ತಿಗೆ ಸೂರ್ಯೋದಯದ ಗುಂಪೆಲ್ಲ ಇಳಿದು ಬರುತ್ತಿತ್ತು. ಹತ್ತು ಗಂಟೆ ಸುಮಾರಿಗೆ 12,500 ಅಡಿ ಮೇಲೆ ಹೆಚ್ಚುಕಮ್ಮಿ ನಾವೇ. ಎದುರಿಗೆ ಸ್ವರ್ಗಾರೋಹಿಣಿ ಶಿಖರ ಪೂರ್ತಿ ಬಿಚ್ಚಿಕೊಂಡಿತ್ತು.

ಗ್ಲೌಸ್ ವಿಷಯ: ಒಂದು ಮಗುವಿಗೆ ಮೂರು ಜೊತೆ. ಆಡೋದಕ್ಕೆ ಒಂದು, ನಡೆಯೋದಕ್ಕೆ ಒಂದು, ಮೂರನೆಯದನ್ನು ತುದಿಯ ದಿನದವರೆಗೆ ಕವರ್‌ನಿಂದ ತೆಗೆಯಲೇಬಾರದು. ನೀರಿನ ಬಾಟಲಿ ತಲೆಕೆಳಗಾಗಿ ಇಡಿ. ಮಂಜುಗಡ್ಡೆ ಮೇಲಿನಿಂದ ಕಟ್ಟುತ್ತೆ, ಬಾಯಿ ಕಡೆ ನೀರು ಉಳಿಯುತ್ತೆ. ಕಡಲೆ ಚಿಕ್ಕಿ ಒಯ್ಯಬೇಡಿ, ಆ ಚಳಿಗೆ ಕಲ್ಲಾಗುತ್ತೆ. ನಮ್ಮನ್ನು ಕಾಪಾಡಿದ್ದು ಗೊಜ್ಜವಲಕ್ಕಿ ಮತ್ತು ರಾಗಿ ಹುರಿಹಿಟ್ಟು. ಅಲ್ಲಿ ನೀರು 90 ಡಿಗ್ರಿ ಹತ್ತಿರವೇ ಕುದಿಯುತ್ತೆ, ಅಕ್ಕಿ ಬೇಯೋದು ತಡ. ಇವೆರಡಕ್ಕೆ ಬಿಸಿನೀರು ಸಾಕು. ಹುರಿಹಿಟ್ಟಿಗೆ ಬೆಲ್ಲ ತುಪ್ಪದ ಜೊತೆ ಅಮ್ಮ ಹೇಳಿದ ಇನ್ನೊಂದು ಸಾಮಾನು ಹಾಕುತ್ತೇನೆ, ಅದು ಮನೆಯಲ್ಲೇ ಇರಲಿ.

ಜೂಡಾ ತಾಲಾಬ್‌ನಲ್ಲಿ ಹೆಚ್ಚಿಗೆ ಸಿಕ್ಕ ದಿನ ಒಂದು ಪ್ರಯೋಗ ಮಾಡಿದೆವು. ಸಾಗರದಿಂದ ತಂದ ಜೋನಿ ಬೆಲ್ಲ ಕಾಯಿಸಿ ಹಿಮದ ಮೇಲೆ ಸುರಿದೆ. ಮೊದಲ ಸಲ ಹಿಮಕ್ಕೆ ತೂತು ಮಾಡಿಕೊಂಡು ಒಳಗೆ ಇಳಿದು ಹೋಯಿತು. ಇನ್ನೂ ಕಾಯಿಸಿ, ಗುಳ್ಳೆ ದಪ್ಪಗಾಗಿ ನಿಧಾನಕ್ಕೆ ಒಡೆಯೋ ಹೊತ್ತಿಗೆ ಗೆರೆ ಎಳೆದ ಹಾಗೆ ಸುರಿದಾಗ ಕೂಡಲೇ ಬಿಗಿಯಿತು. ಕಡ್ಡಿಗೆ ಸುತ್ತಿ ತೆಗೆದರೆ ಜಗ್ಗುವ ಮಿಠಾಯಿ. ಹೇಸರಗತ್ತೆಯ ಹುಡುಗ ನಾಲ್ಕು ತಿಂದ. ಒಂದು ಲೀಟರ್ ಅರ್ಧ ದಿನದಲ್ಲಿ ಖಾಲಿ.

ಖರ್ಚು ನೆನಪಿದ್ದಷ್ಟು: ಎಂಟು ಜನಕ್ಕೆ ಎರಡೂವರೆ ಲಕ್ಷದ ಮೇಲೆ. ಅದರಲ್ಲಿ ಅರ್ಧದಷ್ಟು ವಿಮಾನಕ್ಕೇ. ಎರಡು ರಾತ್ರಿ ಜಾಸ್ತಿ ಉಳಿದಿದ್ದಕ್ಕೆ ತಲೆಗೆ ಮೂರು ಸಾವಿರ ಬಿದ್ದಿರಬಹುದು. ಡೆಹ್ರಾಡೂನ್‌ನಲ್ಲೇ ನಗದು ತೆಗೆದುಕೊಳ್ಳಿ, ದಾರಿಯಲ್ಲಿ ಸಿಗೋ ಪುರೋಲಾ ಪಟ್ಟಣ ದಾಟಿದ ಮೇಲೆ ಎಟಿಎಂ ನಂಬಬೇಡಿ.

ಇಳಿಯುವಾಗ ಮಗಳು ಆ ಬಂಡೆ ಗುರುತಿಸಿದಳು. ನಾನು ಮರೆತೇ ಬಿಟ್ಟಿದ್ದೆ. ಒಂದು ನಿಮಿಷ ಅಲ್ಲಿ ನಿಂತು, ಗ್ಲೌಸ್ ತೆಗೆದು ಬಂಡೆ ಮುಟ್ಟಿ, ಮತ್ತೆ ಹಾಕಿಕೊಂಡು ತಮ್ಮಂದಿರ ಹಿಂದೆ ಓಡಿದಳು.